ಬಣ್ಣ ಒಣಗುವ ಮೊದಲು

ನವೆಂಬರ್ 12, ಬುಧವಾರ

ಹಾಲ್‌ನ ಗೋಡೆಗೆ ಮುಖ ತೋರಿಸೋಕೆ ಆಗ್ತಿಲ್ಲ.

ನಾನು ಆರಿಸಿದ್ದು ಬೆಣ್ಣೆಯಂಥ ಹಳದಿ. ಬೆಳಿಗ್ಗೆ ಪೇಂಟರ್ ಬಳಿದಾಗ ತೀರಾ ಪೇಲವವಾಗಿ ಕಂಡಿತು. "ಒಣಗಲಿ ಅಮ್ಮ, ಬಣ್ಣ ಏರತ್ತೆ" ಅಂದ. ಬಾಗಿಲು ಉಜ್ಜುತ್ತಿದ್ದ ಅವನ ಹೆಂಡತಿಯ ಎದುರಿಗೇ, "ಕಣ್ಣು ನೆಟ್ಟಗಿಲ್ಲದೋರು ಈ ಕೆಲಸಕ್ಕೆ ಯಾಕೆ ಬರಬೇಕು?" ಅಂದುಬಿಟ್ಟೆ. ಅವಳು ತಲೆ ಎತ್ತಲಿಲ್ಲ, ಉಜ್ಜುವ ಸದ್ದು ಮಾತ್ರ ನಿಂತಿತು. ಇಬ್ಬರನ್ನೂ ಮಧ್ಯಾಹ್ನವೇ ಕಳಿಸಿದೆ.

ಸಂಜೆ ಲೈಟ್ ಹಾಕಿದರೆ ಗೋಡೆ ಥೇಟ್ ಬೆಣ್ಣೆ.

ಫೋನ್ ಮಾಡಿದೆ. ನಾನು ಬಾಯಿ ತೆರೆಯೋ ಮೊದಲೇ, "ತಪ್ಪು ನಂದೇ ಅಮ್ಮ, ನಾಳೆ ಬೇರೆ ಹೊಡೀತೀನಿ" ಅಂದ. ಒಣಗಿ ಸರಿಹೋಗಿದೆ ಅಂತ ನಾನು ಹೇಳಲಿಲ್ಲ. "ಇರಲಿ ಬಿಡು, ಇದೇ ಸಾಕು" ಅಂದೆ.

"ದೊಡ್ಡ ಮನಸ್ಸಮ್ಮ ನಿಮ್ದು" ಅಂದ.

ಹೂಂ ಅಂದೆ.