ಅರ್ಧ ಗಂಟೆ ತಡವಾಗಿ ಪ್ರಾರ್ಥಿಸು

ಅಕ್ಕಾ,

ಎರಡು ತಿಂಗಳು ಸಂಜೆ ಆರಕ್ಕೆ ತಪ್ಪದೆ ಪ್ರಾರ್ಥಿಸಿದರೂ ಅಪ್ಪನಿಗೆ ಒಂದು ಚೂರೂ ವಾಸಿಯಾಗಲಿಲ್ಲ, ಇನ್ನು ನಿಲ್ಲಿಸುತ್ತೇನೆ ಎಂದು ಬರೆದಿದ್ದೀಯ. ನಿಲ್ಲಿಸಬೇಡ. ನಾನು ದೇವರನ್ನು ನಂಬುವವನಲ್ಲ, ನಿನಗೇ ಗೊತ್ತು. ಇದು ಆಸ್ಪತ್ರೆಯ ಸಮಯದ ವಿಷಯ.

ಅಪ್ಪ ದಿನವಿಡೀ ಗೋಡೆಗೆ ಮುಖ ಮಾಡಿ ಮಲಗಿರುತ್ತಾರೆ. ಐದೂವರೆ ಆಯಿತೆಂದರೆ ಗಡ್ಡ ತೆಗೆಯಲು ನನ್ನನ್ನು ಕರೆಯುತ್ತಾರೆ. ನಮ್ಮ ಸಲೂನಿನಲ್ಲಿ ಒಂದು ದಿನವೂ ನನ್ನ ಕತ್ತಿಗೆ ಕೆನ್ನೆ ಕೊಡದ ಮನುಷ್ಯ! ಆರಕ್ಕೆ ಸರಿಯಾಗಿ ಅಂಗಿಯ ಗುಂಡಿ ಹಾಕಿಸಿಕೊಂಡು ಎದ್ದು ಕೂರುತ್ತಾರೆ. "ಅಲ್ಲಿ ಮಗಳು ನನ್ನ ವಿಷಯ ಮಾತಾಡ್ತಿದ್ದಾಳೆ, ನಾನಿಲ್ಲಿ ಬಿದ್ಕೊಂಡಿರೋದಾ?" ಅನ್ನುತ್ತಾರೆ.

ನರ್ಸ್ ಸೊಂಟಕ್ಕೆ ನೋವಿನ ಇಂಜೆಕ್ಷನ್ ಕೊಡುವುದೂ ಆರಕ್ಕೇ. ಆಗ ಜಪ್ಪಯ್ಯ ಅಂದರೂ ಅಪ್ಪ ಮಲಗುವುದಿಲ್ಲ. ಅದಕ್ಕೇ ನೀನು ಆರೂವರೆಗೆ ಪ್ರಾರ್ಥಿಸಿದರೆ ಎಲ್ಲರಿಗೂ ಅನುಕೂಲ.

ಡಾಕ್ಟರ ಮಾತು ಬದಲಾಗಿಲ್ಲ. ಹೆಚ್ಚೆಂದರೆ ಹತ್ತು ದಿನ.

ನಿನ್ನ ಪತ್ರ ಕಂಡು ಅಪ್ಪ, "ಏನ್ ಬರ್ದಿದ್ದಾಳೆ, ಓದು" ಅಂದರು. ಇನ್ನು ಮೇಲೆ ಆರೂವರೆಗೆ ಮಾಡುತ್ತಾಳಂತೆ ಎಂದು ಓದಿಬಿಟ್ಟೆ. ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡ.

ನಿನ್ನ ತಮ್ಮ