ಬೆನ್ನಿನ ಚೀಲ ಕಟ್ಟುವ ಮುನ್ನ

ಕರಕೋಲ್
ಜೂನ್ ೩, ಶನಿವಾರ ಬೆಳಿಗ್ಗೆ

ನನ್ನ ಬುರುಲ್,

ನೀನೂ ಹಸುವೂ ಕರುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿ ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೂರು ದಿನ ಕೊಚ್ಕೋರಿನ ನಾದಿನಿಯ ಮನೆಗೆ ಹೋಗಿಬರುತ್ತೇನೆಂದು ಹೊರಟವಳು ಆರನೇ ದಿನ ಕರಕೋಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನಗೆ ಪೂರ್ತಿ ನಿಜ ಹೇಳಲಿಲ್ಲ. ನಿನ್ನ ಉಸಿರು ಕಿವಿಗೆ ಕೇಳುತ್ತಿರುವಾಗ ಇದನ್ನು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ದಿನಚರಿಯ ಹಾಳೆ ಹರಿದು ಬರೆಯುತ್ತಿದ್ದೇನೆ. ನಾರಿನ್ ಕಡೆಗೆ ಹೋಗುವ ಟ್ಯಾಕ್ಸಿಯವನ ಕೈಲಿ ಕೊಟ್ಟರೆ ನಾಳೆ ನಿನಗೆ ಸಿಗುತ್ತದೆ.

ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಹೆಂಗಸರಿಗೆ ಬೆಟ್ಟದ ದಾರಿ ತೋರಿಸುವ ಕೆಲಸ ಕಲಿಸುವ ಶಿಬಿರಕ್ಕೆ ಚಳಿಗಾಲದಲ್ಲಿ ನೀನು ಅರ್ಜಿ ಹಾಕಿದ್ದೆಯಲ್ಲ, ಅದರ ಉತ್ತರ ಮೇ ತಿಂಗಳಲ್ಲೇ ಬಂತು. ಎರ್ನಿಸ್ ತೀರಿಕೊಂಡ ವರ್ಷದ ಊಟ ಮುಗಿದ ಮೂರನೇ ದಿನ. ನಿನ್ನನ್ನು ಆರಿಸಿದ್ದಾರೆ. ಜೂನ್ ಹನ್ನೆರಡಕ್ಕೆ ಶುರು. ನಾನು ಅದನ್ನು ಹಿಟ್ಟಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ನೀನು ಅಂಚೆಯವಳನ್ನು ತಡೆದು ಕೇಳುತ್ತಿದ್ದಾಗ ನಾನು ಪಕ್ಕದಲ್ಲೇ ಹಾಲು ಸೋಸುತ್ತಿದ್ದೆ. ಹಿಮ ಕುಸಿದು ಮಗನನ್ನು ನುಂಗಿದ ಬೆಟ್ಟಕ್ಕೆ ಸೊಸೆಯನ್ನೂ ಕಳಿಸಲೇ ಎಂದು ಹೆದರಿದೆ. ಅದಕ್ಕಿಂತ ದೊಡ್ಡ ಹೆದರಿಕೆ, ನೀನು ಹೋದಮೇಲೆ ಆ ಮನೆಯಲ್ಲಿ ಯಾರಿಗೆ ಚಹಾ ಬಗ್ಗಿಸಲಿ ಎಂಬುದು.

ಹಿಟ್ಟು ತೆಗೆಯುವಾಗೆಲ್ಲ ಆ ಕಾಗದ ಕೈಗೆ ತಗಲುತ್ತಿತ್ತು. ಕೊನೆಗೆ, ಬೆನ್ನಿಗೆ ಚೀಲ ಹಾಕಿಕೊಂಡು ಊರೂರು ತಿರುಗುವುದೆಂದರೆ ಏನೆಂದು ನಾನೇ ನೋಡಿಬರುತ್ತೇನೆ, ಕೊಡುವುದೋ ಸುಡುವುದೋ ಆಮೇಲೆ ಎಂದು ಹೊರಟುಬಿಟ್ಟೆ. ಅಟ್ಟದ ಮೇಲಿದ್ದ ಎರ್ನಿಸ್‌ನ ಚೀಲವನ್ನು ನೀನು ಹುಡುಕಿರಬೇಕು. ಅದು ನನ್ನ ಹತ್ತಿರ ಇದೆ.

ಇನ್ನು ನಾನು ಕಲಿತದ್ದನ್ನು ಕೇಳು. ನೆನಪಾದ ಹಾಗೆ ಬರೆಯುತ್ತೇನೆ, ಕೈ ಸಾಲುತ್ತಿಲ್ಲ.

ಟ್ಯಾಕ್ಸಿಯವನು ಒಬ್ಬರೇ ಬಾಕಿ, ಹತ್ತಿ, ಈಗಲೇ ಹೊರಡುತ್ತೇನೆ ಅಂದರೆ ನಂಬಬೇಡ. ಒಳಗೆ ಕೂತವರ ತೊಡೆಯ ಮೇಲೆ ಗಂಟೋ ಚೀಲವೋ ಇದೆಯೇ ನೋಡು. ನಾರಿನ್ನಿನಲ್ಲಿ ನಾನು ಹತ್ತಿದ ಕಾರಿನಲ್ಲಿ ಇಬ್ಬರು ಬರಿಗೈಯಲ್ಲಿ ಕೂತು ಸೂರ್ಯಕಾಂತಿ ಬೀಜ ಅಗಿಯುತ್ತಿದ್ದರು. ಇಬ್ಬರೂ ಚಾಲಕನ ಸ್ನೇಹಿತರು. ನಾನು ದುಡ್ಡು ಕೊಟ್ಟ ತಕ್ಷಣ ಇಳಿದು ಹೋದರು. ಒಂದೂವರೆ ಗಂಟೆ ಕಾದೆ. ಹಣವನ್ನು ಇಳಿಯುವಾಗ ಕೊಡು, ದರವನ್ನು ಹತ್ತುವ ಮೊದಲೇ ಕೇಳು. ಮುಂದಿನ ಸೀಟು ಹಿರಿಯರದ್ದು ಎಂದು ನೀನು ಯಾವಾಗಲೂ ಹಿಂದೆ ಸರಿಯುತ್ತೀಯ. ಹಿಂದೆ ಕೂತರೆ ಕಿಟಕಿ ಪಕ್ಕವನ್ನಾದರೂ ಹಿಡಿ.

ನಾನು ಮಾಡಿದ ದೊಡ್ಡ ತಪ್ಪು ಚೀಲದ್ದು. ಬರಿಗೈಯಲ್ಲಿ ಯಾರ ಮನೆ ಹೊಸಿಲನ್ನಾದರೂ ತುಳಿಯಲಾಗುತ್ತದೆಯೇ? ನಾದಿನಿಗೆ ಎರಡು ಸೀಸೆ ಜಾಮು, ಬೊಕೊನ್‌ಬಾಯೆವಿನ ತಂಗಿಗೆ ಬೆಣ್ಣೆ, ಅವಳ ಬೀಗರಿಗೆ ರೇಷ್ಮೆ ವಸ್ತ್ರ, ಎಲ್ಲರಿಗೂ ಒಣಮೊಸರಿನ ಕುರುತ್ ಉಂಡೆ. ಎತ್ತಿ ಡಿಕ್ಕಿಯಲ್ಲಿ ಇಡುವಾಗ ಚಾಲಕ ನರಳಿದ. "ಅಕ್ಕಾ, ಇದಕ್ಕೂ ಒಂದು ಸೀಟು ತಗೊಳ್ಳಿ. ನಿಮಗಿಂತ ಇದೇ ದಪ್ಪ ಇದೆ."

ಒಂದೊಂದು ಮನೆ ದಾಟಿದ ಹಾಗೆಲ್ಲ ಹಗುರವಾಗುತ್ತದೆ ಎಂದುಕೊಂಡಿದ್ದೆ. ಎಂಥ ಪೆದ್ದಿ ನಾನು. ನಾದಿನಿ ಜಾಮು ಇಳಿಸಿಕೊಂಡು, ಊಟದಲ್ಲಿ ಉಳಿದ ಮಾಂಸ, ಎಣ್ಣೆಯಲ್ಲಿ ಕರಿದ ಬೋರ್ಸೋಕ್ ಒಂದು ಚೀಲ, ಐದು ರೊಟ್ಟಿ ತುಂಬಿದಳು. ಬೇಡವೆಂದು ಎರಡು ಸಲ ಹೇಳಿದೆ. ಮೂರನೇ ಸಲ ಹೇಳಲು ಅವಳು ಬಿಡಲಿಲ್ಲ. "ಸುಮ್ನೆ ತಗೊಂಡ್ ಹೋಗೇ. ಅಣ್ಣನ ಹೆಂಡ್ತೀನ ಬರಿಗೈಲಿ ಕಳ್ಸಿದ್ಲು ಅಂತ ಕೊಚ್ಕೋರೆಲ್ಲ ನನ್ನ ಆಡ್ಕೊಳ್ಳಲಾ?" ತಂಗಿ ಬೆಣ್ಣೆ ತೆಗೆದುಕೊಂಡು ಏಪ್ರಿಕಾಟ್ ಕೊಟ್ಟಳು. ಬೀಗರು ವಸ್ತ್ರಕ್ಕೆ ಬದಲು ಕಂಬಳಿಯನ್ನೇ ಹೊದಿಸಿಬಿಟ್ಟರು. ಬೊಕೊನ್‌ಬಾಯೆವಿನ ಬಸ್ ನಿಲ್ದಾಣದವರೆಗೆ ಮಾಂಸದ ವಾಸನೆಗೆ ಮೂರು ನಾಯಿಗಳು ನನ್ನ ಹಿಂದೆ ನಡೆದುಬಂದವು, ಮೆರವಣಿಗೆಯ ಹಾಗೆ.

ಆದ್ದರಿಂದ ಮುಖ್ಯವಾದ ಮಾತು ಇದು: ನೆಂಟರ ಮನೆಯಲ್ಲಿ ಉಳಿಯಬೇಡ. ಅದು ಬಿಟ್ಟಿ ಎನ್ನುತ್ತಾರೆ. ಅದರಷ್ಟು ತುಟ್ಟಿ ಇನ್ನೊಂದಿಲ್ಲ. ಚೀಲದ ಮಾತಷ್ಟೇ ಅಲ್ಲ. ಪ್ರತಿ ಮನೆಯ ಬಾಗಿಲಲ್ಲೂ ನನ್ನನ್ನು ಕಂಡ ಕೂಡಲೇ ಹೆಂಗಸರು ಅಳಲು ತೊಡಗುತ್ತಾರೆ. ನಾನೂ ಅಳಬೇಕು. ಅವರದ್ದು ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಎರಡು ಊರಿನಲ್ಲಿ ಮೂರು ಮನೆ, ಮೂರು ಸಲ ನನ್ನ ಮಗನನ್ನು ಹಿಮದಿಂದ ಹೊರಗೆ ತೆಗೆದೆ.

ಕರಕೋಲಿನಲ್ಲಿ ಇಳಿದಾಗ ನಾಲ್ಕನೇ ಮನೆಗೆ ಹೋಗಲು ಕಾಲು ಬರಲಿಲ್ಲ. ರಸ್ತೆ ಬದಿಯಲ್ಲಿ ಹಾಸ್ಟೆಲ್ ಎಂಬ ಬೋರ್ಡು ಕಂಡು ಒಳಗೆ ಹೋದೆ. ಒಂದೇ ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು. ಅಲ್ಮಾತಿಯ ಹುಡುಗಿ ದಾನಾ ನನ್ನನ್ನು ನೋಡಿ ಎದ್ದು ಕೆಳಗಿನ ಮಂಚ ಬಿಟ್ಟುಕೊಟ್ಟಳು. ಅವಳ ಕಜಕ್ ಮಾತು ನನಗೆ ಚೆನ್ನಾಗಿಯೇ ತಿಳಿಯುತ್ತದೆ, ಅಮ್ಮ ಎನ್ನುವ ಹಾಗೆ ನನ್ನನ್ನು ಅಪಾ ಎನ್ನುತ್ತಾಳೆ. ಅವಳು ಕೇಳಿದ್ದು ಒಂದೇ, ರಾತ್ರಿ ಗೊರಕೆ ಹೊಡೆಯುತ್ತೀರಾ ಎಂದು. ನಾನು ನಕ್ಕುಬಿಟ್ಟೆ, ಬುರುಲ್. ಆ ಸಂಜೆ ಯಾರೂ ನನ್ನ ಭುಜ ಸವರಲಿಲ್ಲ. ನನಗೆ ಹಸಿವಾಯಿತು. ಎರಡು ಬಟ್ಟಲು ಸಾರು ಕುಡಿದೆ. ಆಮೇಲೆ ಬಚ್ಚಲಿಗೆ ಹೋಗಿ, ಯಾರೂ ಕೇಳದೆ, ನನ್ನ ಪಾಡಿಗೆ ನಾನೇ ಅತ್ತು ಬಂದೆ.

ಅಡುಗೆಮನೆಯಲ್ಲಿ ಒಂದು ಕಪಾಟಿದೆ. ಊರು ಬಿಡುವವರು ಉಳಿದ ಅಕ್ಕಿ, ಉಪ್ಪು, ಎಣ್ಣೆ ಅಲ್ಲಿಟ್ಟು ಹೋಗುತ್ತಾರೆ, ಬಂದವರು ತೆಗೆದುಕೊಳ್ಳುತ್ತಾರೆ. ಯಾವ ಊರಿನ ಹಾಸ್ಟೆಲ್ಲಿಗೆ ಹೋದರೂ ಮೊದಲು ಆ ಕಪಾಟು ನೋಡು, ಅರ್ಧ ಊಟ ಅಲ್ಲೇ ಸಿಗುತ್ತದೆ. ನನ್ನ ರೊಟ್ಟಿ, ಬೋರ್ಸೋಕ್, ಏಪ್ರಿಕಾಟ್ ಎಲ್ಲ ಅಲ್ಲಿಟ್ಟೆ. ಬೆಳಗಾಗುವುದರೊಳಗೆ ಖಾಲಿ. ಉದ್ದ ಗಡ್ಡದ ಒಬ್ಬ ಹುಡುಗ ನನ್ನ ಕೈ ಹಿಡಿದು ಅವನ ಭಾಷೆಯಲ್ಲಿ ಏನೋ ಭಾಷಣವನ್ನೇ ಮಾಡಿದ.

ಚೀಲ ಜೋಡಿಸುವುದನ್ನು ದಾನಾಳಿಂದ ಕಲಿತೆ. ಭಾರದ್ದು ಬೆನ್ನಿಗೆ ಅಂಟಿ ನಡುವೆ, ಹಾಸಿಗೆ ತಳದಲ್ಲಿ, ಮಳೆಯಂಗಿ ಎಲ್ಲಕ್ಕಿಂತ ಮೇಲೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತು. ಸೊಂಟದ ಪಟ್ಟಿ ಮೊದಲು ಬಿಗಿ, ಭುಜದ್ದು ಆಮೇಲೆ. ಒಣ ಕಾಲುಚೀಲ ಒಂದು ಜೊತೆ ಮಲಗುವುದಕ್ಕೆಂದೇ ಇರಲಿ, ಎಷ್ಟು ಒದ್ದೆಯಾದರೂ ಅದನ್ನು ಹಗಲು ಮುಟ್ಟಬೇಡ. ಅವಳು ಎಲ್ಲವನ್ನೂ ಹೊರಗೆ ಸುರಿದು ಗುಡ್ಡೆ ಮಾಡುತ್ತಿದ್ದಾಗ ನಿನ್ನ ಕಾಗದ ಸಿಕ್ಕಿತು. ಹಿಟ್ಟು ಮೆತ್ತಿಕೊಂಡಿತ್ತು. ಓದಿ ನನ್ನನ್ನು ನೋಡಿದಳು.

"ಹನ್ನೆರಡನೇ ತಾರೀಖಂತೆ. ಅವಳಿಗೆ ಗೊತ್ತಾ, ಅಪಾ?"

ಗೊತ್ತಿಲ್ಲ ಎಂದೆ. ಅವಳು ಬೈಯಲಿಲ್ಲ. ಹಿಟ್ಟು ಕೊಡವಿ, ಮಡಚಿ, ನನ್ನ ಕೈಗೆ ಕೊಟ್ಟಳು, ಅಷ್ಟೆ.

ನಿನ್ನೆ ಬೆಳಿಗ್ಗೆ ಇಲ್ಲೇ ಕರಕೋಲಿನಲ್ಲಿರುವ ಶಿಬಿರದ ಆಫೀಸಿಗೆ ಹೋದೆ. ಅಲ್ಲಿಯ ಮುಖ್ಯಸ್ಥೆ ಮೀರಿಮ್ ನನ್ನನ್ನು ಅಡುಗೆ ಕೆಲಸಕ್ಕೆ ಬಂದವಳೆಂದುಕೊಂಡಳು. ಉತ್ತರ ಬಾರದ್ದಕ್ಕೆ ನಿನ್ನ ಜಾಗವನ್ನು ಸೋಮವಾರ ಇನ್ನೊಬ್ಬಳಿಗೆ ಕೊಡುವವರಿದ್ದರು. ಬರುತ್ತಾಳೆ ಎಂದು ನಾನೇ ಹೇಳಿದೆ. ನಿನ್ನನ್ನು ಕೇಳದೆ ಬಚ್ಚಿಟ್ಟವಳು, ನಿನ್ನನ್ನು ಕೇಳದೆ ಒಪ್ಪಿಕೊಂಡೂ ಬಂದೆ. ಬೇಡವೆನಿಸಿದರೆ ಫೋನು ಮಾಡು, ಅಲ್ಲಿಗೆ ಹೋಗಿ ನಾನೇ ಹೇಳುತ್ತೇನೆ. ಆದರೆ ನನಗೆ ಚಹಾ ಯಾರು ಬಗ್ಗಿಸುತ್ತಾರೆ ಎಂದು ಯೋಚಿಸಿ ಬೇಡವೆನ್ನಬೇಡ. ನನಗೆ ಈಗ ಹಾಸ್ಟೆಲ್ಲು ಗೊತ್ತು.

ಕ್ಷಮಿಸು ಎಂದು ಕೇಳುವುದಿಲ್ಲ. ಮೊದಲು ಹೊರಡು, ಸಿಟ್ಟನ್ನು ದಾರಿಯಲ್ಲಿ ಮಾಡಿಕೋ. ಬುಧವಾರ ನಾನು ಮನೆ ಸೇರುತ್ತೇನೆ, ಹಸುವಿನ ಚಿಂತೆ ಬೇಡ. ಎರ್ನಿಸ್‌ನ ಚೀಲವನ್ನು ನಿನಗೆಂದು ಹಾಸ್ಟೆಲ್ಲಿನಲ್ಲಿ ದಾನಾಳ ಮಂಚದ ಕೆಳಗೆ ಬಿಟ್ಟು ಬರುತ್ತೇನೆ. ಇದರೊಂದಿಗೆ ನಿನ್ನ ಕಾಗದ ಇಟ್ಟಿದ್ದೇನೆ. ಊರಿನವರು ಕೇಳಿದರೆ ಅತ್ತೆಯೇ ಹೊರಗೆ ಅಟ್ಟಿದಳು ಎನ್ನು. ಬೈದರೆ ನನ್ನನ್ನೇ ಬೈಯಲಿ.

ದಾರಿಯಲ್ಲಿ ಕೊಚ್ಕೋರಿನಲ್ಲಿ ಮಾತ್ರ ಇಳಿಯಬೇಡ. ಇಳಿದರೆ ರೊಟ್ಟಿ ತುಂಬುತ್ತಾಳೆ.

ಇಲ್ಲಿಂದ ಕಾಣುವ ಬೆಟ್ಟವನ್ನು ಇವತ್ತು ದಿಟ್ಟಿಸಿ ನೋಡಿದ,
ನಿನ್ನ ಅತ್ತೆ

ಬರೆಯಲು ಮರೆತಿದ್ದೆ: ನಿನ್ನ ಅರ್ಜಿಯಲ್ಲಿ ಒಂದು ಸಾಲು ಖಾಲಿ ಇತ್ತು, ಅದನ್ನು ತುಂಬದೆ ಬೆಟ್ಟಕ್ಕೆ ಬಿಡುವುದಿಲ್ಲವಂತೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಸಾಲು. ಸೊಸೆ ಅತ್ತೆಯ ಹೆಸರು ಹೇಳಬಾರದೆಂದು ಬಿಟ್ಟೆಯೋ, ಅಂಥ ಫೋನನ್ನು ನಾನು ಇನ್ನೊಂದು ಸಲ ಎತ್ತಬಾರದೆಂದು ಬಿಟ್ಟೆಯೋ, ತಿಳಿಯದು. ನಾನೇ ಬರೆದೆ. ಹೆಸರು: ಕಲೀಪಾ. ಸಂಬಂಧ: ತಾಯಿ. ನಂಬರು, ಎರ್ನಿಸ್‌ನ ಸುದ್ದಿ ಬಂದಿತ್ತಲ್ಲ, ಅದೇ.