ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ

ಅಖಿಲ ಸ್ಫಟಿಕಮಂಡಲದ ಮಹಾರಾಣಿಯೂ, ಪರಮಾಣುಗಳ ಸಾಲಿನಲ್ಲಿ ತಪ್ಪು ಹುಡುಕುವುದರಲ್ಲಿ ಧುರಂಧರಳೂ, ನಮ್ಮ ಪ್ರಯೋಗಾಲಯದ ಒಂದೇ ಒಂದು ಒಳ್ಳೆಯ ಕುರ್ಚಿಯ ಒಡತಿಯೂ ಆಗಿದ್ದ ಅಕ್ಕನ ಪಾದಾರವಿಂದಗಳಿಗೆ, ಪಕ್ಕದ ಮೇಜಿನ ಮಂಗ ಸಾಷ್ಟಾಂಗವೆರಗಿ ಮಾಡಿಕೊಳ್ಳುವ ಅರಿಕೆ: ಇವತ್ತು ನಿನ್ನ ಲೆಕ್ಕ ಹೊಂದಿತು.

ಸ್ಫಟಿಕದ ಮೇಲ್ಮೈಗೆ ಹತ್ತಿರವಿರುವ ದೋಷ ಆಳದಲ್ಲಿರುವ ದೋಷದಂತೆ ಕಾಣುವುದಿಲ್ಲ, ಮೇಲ್ಮೈಯ ಸೆಳೆತವನ್ನೂ ಸೇರಿಸಿಯೇ ಫೋಟೋದಲ್ಲಿ ಅದು ಹೇಗೆ ಕಾಣಬೇಕೆಂದು ಲೆಕ್ಕಹಾಕಬೇಕು ಎಂದು ನೀನು ಎಷ್ಟು ಬಡಕೊಂಡಿದ್ದೆ. ನಿನ್ನ ಪ್ರೋಗ್ರಾಮು ದೋಷದ ಚುಕ್ಕೆಯನ್ನು ಕಪ್ಪು ಎಡಕ್ಕೆ, ಬಿಳಿ ಬಲಕ್ಕೆ ಬಿಡಿಸುತ್ತಿತ್ತು. ನಿನ್ನ ಮೇಜಿನ ಮೇಲಿದ್ದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಫೋಟೋದಲ್ಲಿ ಅದು ತಿರುವುಮುರುವು. ಮೂರು ವಾರ ತಪ್ಪು ಹುಡುಕಿ ಸೋತು, "ನನ್ನ ತಲೆಗೆ ಇದು ಹತ್ತಲ್ಲ ಬಿಡೋ" ಎಂದು ಕುರ್ಚಿಯನ್ನೂ ಈ ವಿಷಯವನ್ನೂ ಬಿಟ್ಟುಹೋದೆ.

ಇವತ್ತು ನಿನ್ನ ಪ್ರೋಗ್ರಾಮನ್ನು ಒಂದಕ್ಷರವೂ ಬದಲಿಸದೆ ಓಡಿಸಿದೆ. ಸೂಕ್ಷ್ಮದರ್ಶಕದ ಕೋಣೆಯಿಂದ ಮೂಲ ಫೋಟೋ ತಂದು ಪಕ್ಕದಲ್ಲಿಟ್ಟೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

"ಅಲ್ಲಯ್ಯಾ, ಅಚ್ಚು ಹೊಡೆದ ಹಾಗಿದೆಯಲ್ಲೋ! ಆಗ ಯಾಕೆ ಹೊಂದಲಿಲ್ಲ?"

"ಗ್ರಹಚಾರ ಸಾರ್."

"ನಿನ್ನ ತಲೆ. ಮೊದಲು ಅವಳಿಗೊಂದು ಫೋನ್ ಮಾಡು."

ಮಾಡಿಲ್ಲ. ನಿನ್ನ ಕುರ್ಚಿ ಈಗಲೂ ಖಾಲಿಯೇ ಇದೆ. ನಾನು ಸ್ಟೂಲಿನ ಮೇಲೆ ಕೂರುತ್ತೇನೆ, ಬೆನ್ನಿಗೆ ಒಳ್ಳೆಯದಂತೆ.

ಕೊನೆಯದಾಗಿ ಒಂದು ಚಿಕ್ಕ ವಿಷಯ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ಎಡಬಲ ತಿರುಗಿಸಿ, ಪ್ರಿಂಟ್ ತೆಗೆದು ನಿನ್ನ ಮೇಜಿನ ಮೇಲಿಟ್ಟವನು ನಾನೇ. ಮಧ್ಯಾಹ್ನ ಚಹಾದ ಹೊತ್ತಿಗೆ ಹೇಳಿ ನಗಿಸಬೇಕೆಂದಿದ್ದೆ. ಅವತ್ತು ನೀನು ಚಹಾಕ್ಕೆ ಏಳಲೇ ಇಲ್ಲ.